ಆಚಾರ್ಯರು ಎರಡು ಸಲ ಹಾಸಿದ ಅಟ್ಟ

ಸರ್ವೋತ್ತಮ ಆಚಾರ್ಯರಿಗೆ ಬೀಡಿ ಇಲ್ಲ, ಎಲೆಯಡಿಕೆ ಇಲ್ಲ, ಶುಕ್ರವಾರದ ರಜೆಗೆ ರೂಮಿನಲ್ಲಿ ಇಸ್ಪೀಟು ಶುರುವಾದರೆ ಗೋಡೆಯ ಕಡೆ ತಿರುಗಿ ಮಲಗಿಬಿಡುವವರು. ಇದ್ದದ್ದು ಒಂದೇ ಚಟ. ಯಾರಾದರೂ ಹೊಸಬರು ಪರಿಚಯವಾಗಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ, ಅವರು ಕೇಳಲಿ ಬಿಡಲಿ, ಈ ಮಾತು ಹೇಳಿಯೇ ತೀರಬೇಕು: "ಈ ದೇಶಕ್ಕೆ ಬಂದು ಇಪ್ಪತ್ತಾರು ವರ್ಷ ಆಯ್ತು. ನಾನು ಮಾಡಿದ ಕೆಲಸಕ್ಕೆ ಎರಡನೇ ಸಲ ಯಾರೂ ನನ್ನನ್ನು ಕರ್ದದ್ದಿಲ್ಲ."

ಬಾಗಿಲು ಕೂರುವುದಿಲ್ಲ, ಕಪಾಟು ವಾಲಿತು, ಡ್ರಾವರು ಸಿಕ್ಕಿಕೊಂಡಿತು ಎಂದು ಒಬ್ಬ ಗಿರಾಕಿಯೂ ದೂರು ತಂದಿಲ್ಲ ಎಂಬುದು ಅದರ ಅರ್ಥ. ಜಂಬ ಅನ್ನುವವರು ಅನ್ನಲಿ, ಮಾತು ಮಾತ್ರ ಸುಳ್ಳಲ್ಲ. 1989ರಲ್ಲಿ ಹಿರಿಯಡ್ಕದಿಂದ ಹೊರಟಾಗ ಅವರಿಗೆ ಮೂವತ್ತೆರಡರ ಪ್ರಾಯ. ಉಳಿ, ಕೀಸುಳಿಗಳನ್ನು ಹಳೆಯ ಲುಂಗಿಯಲ್ಲಿ ಸುತ್ತಿಕೊಂಡು ಬಂದಿದ್ದರು. ಅಂದಿನಿಂದ ಇಂದಿನವರೆಗೆ ದುಬೈಯ ರಾಸ್ ಅಲ್ ಖೋರ್‌ನ ಒಂದೇ ಮರಗೆಲಸದ ಶೆಡ್ಡು. ಅರಬರು ಅತಿಥಿಗಳನ್ನು ಕೂರಿಸುವ ಮಜ್ಲಿಸ್‌ಗಳಿಗೆ ಕೆತ್ತನೆಯ ಬಾಗಿಲು, ದೇರಾದ ಅಂಗಡಿಗಳಿಗೆ ಕಪಾಟು, ಅಬುಧಾಬಿಯ ಮನೆಗಳಿಗೆ ಅಡುಗೆಕೋಣೆಯ ಶೆಲ್ಫು, ಎಲ್ಲವೂ ಆ ಎರಡು ಕೈಗಳಿಂದ ಆಗಿದ್ದವು. 2015ರ ಬೇಸಗೆಯಲ್ಲಿ ಅವರು ಮಾಲೀಕರ ಹತ್ತಿರ ಹೋಗಿ, "ಖಲಾಸ್, ಇನ್ನು ಊರಿಗೆ" ಎಂದರು. ಆಗಸ್ಟ್ ಇಪ್ಪತ್ತೆಂಟರ ಮಂಗಳೂರು ವಿಮಾನಕ್ಕೆ ಟಿಕೆಟೂ ಆಯಿತು. ಇಪ್ಪತ್ತಾರು ವರ್ಷದ ಹೆಸರನ್ನು ಕೆಡಿಸಿಕೊಳ್ಳದೆ ವಿಮಾನ ಹತ್ತಿದರೆ ಸಾಕು ಎಂಬುದೊಂದೇ ಅವರ ಆಸೆ.

ಹೊರಡುವುದಕ್ಕೆ ಒಂದು ತಿಂಗಳಿರುವಾಗ ಇಕ್ರಾಮುಲ್ಲಾ ಸಾಹೇಬರ ಫೋನು ಬಂತು. ಭಟ್ಕಳದವರು, ದೇರಾದಲ್ಲಿ ಕಂಬಳಿಯ ಅಂಗಡಿ. ಆ ಅಂಗಡಿಯ ಕಪಾಟುಗಳು ಆಚಾರ್ಯರ ಕೈಯವೇ. "ಆಚಾರ್ರೇ, ಊರಿಗೆ ಹೋಗುವ ಮುಂಚೆ ನಮ್ಮ ಮನೆಗೆ ಒಂದ್ಸಲ ಬನ್ನಿ. ಕೆಲ್ಸ ನನ್ನದಲ್ಲ, ಯಜಮಾನ್ತಿದು. ಇಲ್ಲ ಅಂದ್ರೆ ನನಗೆ ಮನೇಲಿ ಊಟ ಮಾಫಿ, ಇಲ್ಲವೇ ಇಲ್ಲ" ಎಂದರು.

ಯಜಮಾನ್ತಿ ನಫೀಸಮ್ಮನ ಕೆಲಸ ಏನೆಂದು ಮಿರ್ದಿಫ್‌ನ ಆ ಹಳೆಯ ವಿಲ್ಲಾದ ಹಿಂಬದಿಯ ಕೋಣೆಯ ಬಾಗಿಲು ತೆರೆದ ಕೂಡಲೇ ತಿಳಿಯಿತು. ಕೋಣೆಯೊಳಗೆ ಕಾಲಿಡಲು ಜಾಗವಿಲ್ಲ. ನೆಲದಿಂದ ಸೀಲಿಂಗಿನ ತನಕ ಕಾರ್ಟನ್ ಡಬ್ಬಗಳು, ಒಟ್ಟು ನಲವತ್ತಮೂರು. ಗಲ್ಫಿನಲ್ಲಿರುವ ನಮ್ಮವರೆಲ್ಲ ಊರಿಗೆ ಒಯ್ಯಲು ಒಂದೆರಡು ಡಬ್ಬ ಕಟ್ಟಿಡುತ್ತಾರೆ, ಸರಿ. ಆದರೆ ನಫೀಸಮ್ಮ ಕಟ್ಟುವುದರಲ್ಲಿ ಎತ್ತಿದ ಕೈ, ಕಳಿಸುವುದರಲ್ಲಿ ಮಾತ್ರ ಇಲ್ಲ. ನಾದಿನಿಗೆಂದು ಡಿನ್ನರ್ ಸೆಟ್ ಇಟ್ಟರೆ, ಅದಕ್ಕೆ ಸರಿಹೊಂದುವ ಗ್ಲಾಸು ಸಿಗಲಿ ಆಮೇಲೆ ಕಳಿಸುವ ಎಂದು ನಿಲ್ಲಿಸುವುದು. ಗ್ಲಾಸು ಸಿಕ್ಕುವಷ್ಟರಲ್ಲಿ ನಾದಿನಿಯ ಮಗಳಿಗೆ ಮದುವೆ ಗೊತ್ತಾಗಿ ಇನ್ನೊಂದು ಡಬ್ಬ ಹುಟ್ಟುವುದು. ಮೊದಲು ಅಲ್ ಮುರಕ್ಕಬಾತ್‌ನ ಫ್ಲ್ಯಾಟಿನಲ್ಲಿದ್ದಾಗ ಈ ಡಬ್ಬಗಳ ಮೇಲೆ ಬೆಡ್‌ಶೀಟು ಹಾಸಿ ನೆಂಟರನ್ನು ಕೂರಿಸುತ್ತಿದ್ದರಂತೆ.

ಪ್ರತಿ ಡಬ್ಬದ ಮೇಲೂ ಮಾರ್ಕರಿನಲ್ಲಿ ದಪ್ಪ ಕನ್ನಡ ಅಕ್ಷರ. ಭಟ್ಕಳದ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಪಾಸಾದ ಕೈ ಅದು. ಆಚಾರ್ಯರು ಒಂದೊಂದನ್ನೇ ಓದುತ್ತಾ ಹೋದರು. ಒಂದರ ಮೇಲೆ "ಹುಮೈರಳ ಮಗುವಿಗೆ, 2003" ಎಂದಿತ್ತು.

"ಮಗಳ ಮಗುವಿಗಾ, ಅಮ್ಮ? ಎರಡು ಸಾವಿರದ ಮೂರರಲ್ಲಿ ಮಗಳಿಗೆ ಎಷ್ಟು ಪ್ರಾಯ?"

"ಹನ್ನೆರಡು" ಎಂದರು ನಫೀಸಮ್ಮ, ಒಂದಿಷ್ಟೂ ನಾಚದೆ. "ಚಂದದ ಸಣ್ಣ ಬ್ಲಾಂಕೆಟ್ ಅಂಗಡಿಗೆ ಬಂದಿತ್ತು. ಎಂದಾದ್ರೂ ಬೇಕಾಗ್ತದಲ್ವಾ?"

ಈಗ ಬೇಕಾಗಿತ್ತು. ಅಬುಧಾಬಿಗೆ ಮದುವೆ ಮಾಡಿಕೊಟ್ಟ ಹುಮೈರ ಚೊಚ್ಚಲು ಹೆರಿಗೆಗೆ ತಾಯಿಯ ಮನೆಗೆ ಬಂದು, ಬೇರೆ ಕೋಣೆ ಇಲ್ಲದೆ ತಾಯಿಯ ಕೋಣೆಯಲ್ಲೇ ಮಲಗುತ್ತಿದ್ದಳು. ಡಾಕ್ಟರು ಹೇಳಿದ ತಾರೀಕು ಆಗಸ್ಟ್ ಇಪ್ಪತ್ತರ ಆಸುಪಾಸು. ಹೆರಿಗೆಯಾದ ಮೇಲೆ ಬಾಣಂತಿಯೂ ಮಗುವೂ ನಲವತ್ತು ದಿನ ಇದೇ ಕೋಣೆಯಲ್ಲಿರಬೇಕೆಂದು ನಫೀಸಮ್ಮನ ಹಟ. ಹಟಕ್ಕೆ ಕಾರಣವೂ ಇತ್ತು. 1991ರಲ್ಲಿ ಹುಮೈರ ಹುಟ್ಟಿದ್ದು ದೇರಾದಲ್ಲಿ, ಮೂರು ಸಂಸಾರಗಳಿದ್ದ ಒಂದು ಫ್ಲ್ಯಾಟಿನಲ್ಲಿ. ನಫೀಸಮ್ಮನ ತಾಯಿಗೆ ವೀಸಾ ಸಿಗಲಿಲ್ಲ. ಮಗುವಿಗೆ ನೀರು ಹಾಕಿದ್ದು ಪಕ್ಕದ ಕೋಣೆಯ ಗ್ರೇಸಿ ಎಂಬ ಕುಂದಾಪುರದ ನರ್ಸು. "ಗ್ರೇಸಿಯನ್ನು ಅಲ್ಲಾಹು ಚೆನ್ನಾಗಿಟ್ಟಿರ್ಲಿ, ಆದ್ರೆ ಆ ನಲ್ವತ್ತು ದಿನ ನಾನು ದಿನಾ ಅತ್ತಿದ್ದೇನೆ ಆಚಾರ್ರೇ. ನನ್ನ ಮಗಳಿಗೆ ಹಾಗಾಗ್ಬಾರ್ದು" ಎಂದರು. ಹೇಳುವಾಗ ಅವರ ದನಿ ಸಣ್ಣದಾಯಿತು.

ಡಬ್ಬ ಇಡಲು ಜಾಗ ಎಲ್ಲಿ ಎಂದರೆ ಮೇಲೆ. ಆ ವಿಲ್ಲಾದ ಹಿಂದಿನ ಭಾಗ ಆಮೇಲೆ ಸೇರಿಸಿ ಕಟ್ಟಿದ್ದು, ಅದಕ್ಕೆ ಇಳಿಜಾರು ಹೆಂಚಿನ ಮಾಡು. ಪ್ಯಾಸೇಜಿನ ಸೀಲಿಂಗಿನಲ್ಲಿದ್ದ ಸಣ್ಣ ಮುಚ್ಚಳ ಸರಿಸಿ, ಏಣಿ ಹತ್ತಿ, ಆಚಾರ್ಯರು ತಲೆ ತೂರಿಸಿದರು. ಎಸಿ ಇಲ್ಲದ ಜಾಗ, ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ. ಸಾಲಾಗಿ ನಾಲ್ಕಿಂಚು ಎತ್ತರದ ಮರದ ತೊಲೆಗಳು, ಅವುಗಳ ಅಡಿಗೆ ಸೀಲಿಂಗಿನ ಜಿಪ್ಸಮ್ ಹಲಗೆ. ತೊಲೆಗಳ ನಡುವೆ, ತೊಲೆಗಳನ್ನೂ ಮುಳುಗಿಸುವಷ್ಟು ದಪ್ಪವಾಗಿ, ಹತ್ತಿಯಂಥ ಹಳದಿ ಗ್ಲಾಸ್‌ವೂಲ್ ಹರಡಿತ್ತು. ಬಿಸಿಲು ಕೆಳಗಿಳಿಯದಿರಲೆಂದು ಹಾಸಿದ್ದು. ಉಳಿದಂತೆ ಎಲ್ಲ ಖಾಲಿ.

ಆಚಾರ್ಯರ ಮುಖ ಅರಳಿತು. "ಇದು ನಮ್ಮ ಊರಿನ ಅಟ್ಟವೇ. ಎರಡು ದಿನದ ಕೆಲ್ಸ ಅಮ್ಮ."

ತೊಂದರೆ ಶುರುವಾದದ್ದೇ ಆ ಮಾತಿನಿಂದ. ಹದಿನಾಲ್ಕನೇ ವಯಸ್ಸಿನಲ್ಲಿ ತಂದೆಯ ಜೊತೆ ಅವರು ಮಾಡಿದ ಮೊದಲ ಕೆಲಸವೇ ಅಟ್ಟ. ಅಟ್ಟದ ಹಲಗೆ ತೊಲೆಗೆ ಅಪ್ಪಿ ಕೂರಬೇಕು, ಅಡಿಯಲ್ಲಿ ಬೆರಳು ತೂರುವ ಸಂದೂ ಇರಬಾರದು, ಸಂದು ಬಿಟ್ಟರೆ ಇಲಿ ಸಂಸಾರ ಹೂಡುತ್ತದೆ ಎಂದು ತಂದೆ ಕಿವಿ ಹಿಂಡಿ ಕಲಿಸಿದ್ದರು. ರಾಸ್ ಅಲ್ ಖೋರ್‌ನಲ್ಲಿ, ಕಾಂಕ್ರೀಟಿಗೆ ಬಳಸಿ ಬಿಟ್ಟ ಶಟರಿಂಗ್ ಪ್ಲೈವುಡ್ ಅಗ್ಗಕ್ಕೆ ಸಿಗುತ್ತದೆ. ಸಿಮೆಂಟಿನ ಕಲೆ ಇರುತ್ತದೆ, ಆದರೆ ಆನೆ ಹತ್ತಿದರೂ ಬಗ್ಗುವುದಿಲ್ಲ. ಅದನ್ನೇ ಆರಿಸಿ ತಂದು, ಮುಚ್ಚಳದೊಳಗೆ ಹಿಡಿಸುವ ಅಗಲಕ್ಕೆ ಕೊಯ್ದು, ಮೇಲೇರಿಸಿದರು. ಹಲಗೆ ತೊಲೆಯ ಮೇಲೆ ಇಟ್ಟರೆ ಕೆಳಗಿನ ವೂಲು ಅದನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಆಚಾರ್ಯರು ಬಿಡುವವರೇ? ಎರಡೂ ಮೊಣಕಾಲು ಊರಿ, ಮೈಯ ಭಾರವೆಲ್ಲ ಹಾಕಿ, ವೂಲನ್ನು ಅಮುಕಿ ಅಮುಕಿ ತೊಲೆಯ ಮಟ್ಟಕ್ಕೆ ಇಳಿಸಿ, ಸ್ಕ್ರೂ ಬಿಗಿದರು. ಮಾಡಿನ ಅರ್ಧ ಭಾಗ ತುಂಬುವಷ್ಟು ನೆಲ ಎರಡು ದಿನದಲ್ಲಿ ತಯಾರಾಯಿತು. ನಡೆದರೆ ಸದ್ದಿಲ್ಲ, ಅಲುಗಾಟವಿಲ್ಲ.

"ಕರಗುವಂಥದ್ದು ಯಾವುದೂ ಮೇಲೆ ಬೇಡ ಅಮ್ಮ. ಬಾಮು, ಮೇಣ, ಚಾಕಲೇಟು ಎಲ್ಲ ಕೆಳಗೇ ಇರ್ಲಿ" ಎಂದು ಹೇಳಿ ಅವರು ಡಬ್ಬ ಏರಿಸಿಕೊಟ್ಟರು. ನಫೀಸಮ್ಮ ಹೂಂ ಎಂದು ತಲೆಯಾಡಿಸಿ, ಬಾಮಿನ ಡಬ್ಬವೊಂದನ್ನು ಕಂಬಳಿಯ ಡಬ್ಬಗಳ ನಡುವೆ ಸದ್ದಿಲ್ಲದೆ ಮೇಲೆ ದಾಟಿಸಿದರು. ಕೋಣೆ ಖಾಲಿಯಾಯಿತು, ತೊಟ್ಟಿಲು ಬಂತು, ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತಾ ಆಚಾರ್ಯರು ತಮ್ಮ ಮಾಮೂಲಿ ಮಾತನ್ನು ಈ ಮನೆಯಲ್ಲೂ ಹೇಳಿದರು.

ಹದಿನೈದು ದಿನ ಕಳೆಯಿತು. ಆಚಾರ್ಯರ ರೂಮಿನಲ್ಲಿ ಅವರೊಂದಿಗೆ ಇದ್ದ ರಂಜಿತ್ ಉಡುಪಿಯ ಹುಡುಗ, ಎಸಿ ಮೆಕ್ಯಾನಿಕ್. ಒಂದು ಸಂಜೆ ಅವನು ಉಪ್ಪಿಟ್ಟು ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದ.

"ದಾದಾಂಡ್ ಮಾರಾಯಾ?" ಎಂದು ಆಚಾರ್ಯರು ತುಳುವಿನಲ್ಲಿ ಕೇಳಿದರು, ಏನಾಯಿತೆಂದು.

"ನಿಮ್ಮ ಭಟ್ಕಳದವರ ಮನೆದೇ ಪಂಚಾತಿಗೆ ಸರ್ವೋತ್ತಮಣ್ಣ. ನೀವೇ ಅಲ್ವಾ ನನ್ನ ನಂಬರ್ ಕೊಟ್ಟದ್ದು? ಆ ಖಾಲಿ ಮಾಡಿದ ರೂಮಿನ ಎಸಿ ಮಧ್ಯಾಹ್ನ ಆದ್ಮೇಲೆ ಕೋಣೆಯನ್ನು ತಣ್ಣಗೆ ಮಾಡುದಿಲ್ಲ. ಗ್ಯಾಸು ನೋಡಿದೆ, ಸರಿ ಉಂಟು. ಎರಡು ಸಲ ಬಿಚ್ಚಿ ತೊಳ್ದೆ. ತಣ್ಣನೆ ಗಾಳಿ ಬರ್ತದೆ, ಆದ್ರೆ ರೂಮ್ ಬಿಸಿ. ನಾನು ಮೋಸ ಮಾಡಿದೆ ಅಂತ ಆ ಅಮ್ಮ ಹೇಳ್ತಿದ್ದಾರೆ."

"ಹಳೆ ಎಸಿ ಇರ್ಬೇಕು" ಎಂದರು ಆಚಾರ್ಯರು. ಆ ಕೋಣೆ ಈ ಮೊದಲು ಎರಡು ವರ್ಷ ಡಬ್ಬ ತುಂಬಿ ಬಾಗಿಲು ಹಾಕಿಕೊಂಡಿತ್ತಾದ್ದರಿಂದ ಮೊದಲು ಹೇಗಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಹೊಸ ಅಟ್ಟದ ಮೇಲೆ ಸಂಶಯಪಡಲು ಯಾರಿಗೂ ಕಾರಣವಿರಲಿಲ್ಲ.

ಮರುದಿನ ಆಚಾರ್ಯರು ಹೆಂಡತಿ ಅಮ್ಮಣ್ಣಿಗೊಂದು ಕಂಬಳಿ ಕೊಳ್ಳಲು ದೇರಾಕ್ಕೆ ಹೋದರು. ಇಕ್ರಾಮುಲ್ಲಾ ಸಾಹೇಬರು ಎದ್ದು ಬಂದು ಕೂರಿಸಿದರು. ಮುಖದಲ್ಲಿ ಕಳೆ ಇರಲಿಲ್ಲ.

"ಮನೇಲಿ ದೊಡ್ಡ ತಲೆನೋವು ಆಚಾರ್ರೇ. ಆ ರೂಮು ಮಧ್ಯಾಹ್ನಕ್ಕೆ ಕೂರ್ಲಿಕ್ಕೆ ಆಗುದಿಲ್ಲ. ನಿನ್ನೆ ಹುಮೈರನ ಅತ್ತೆ ಬಂದು ಹತ್ತು ನಿಮಿಷ ಕೂತ್ರು. ಬೆವರು ಒರೆಸ್ಕೊಂಡು, ಈ ಸೆಕೆಯಲ್ಲಿ ಹಸುಗೂಸು ಬೇಡ, ಆಸ್ಪತ್ರೆಯಿಂದ ಸೀದಾ ಅಬುಧಾಬಿಗೆ ಕರ್ಕೊಂಡು ಹೋಗ್ತೇವೆ ಅಂದ್ರು. ಅವ್ರು ಹೇಳಿದ್ದು ತಪ್ಪಲ್ಲ. ನಫೀಸಾ ಮಾತ್ರ ನಿನ್ನೆಯಿಂದ ಯಾರ ಹತ್ರನೂ ಮಾತಾಡುದಿಲ್ಲ. ನಾಡಿದ್ದು ಬೇರೆ ಎಸಿಯವನನ್ನು ಕರೆಸ್ತೇನೆ. ನಿಮ್ಮ ಆ ಹುಡುಗ ಕೆಲ್ಸಕ್ಕೆ ಬರೂದಿಲ್ಲ, ಬೇಜಾರು ಮಾಡ್ಕೊಳ್ಬೇಡಿ."

ಅಷ್ಟರಲ್ಲಿ ಅಂಗಡಿಯ ಕೆಲಸದವನು ಆಚಾರ್ಯರು ಆರಿಸಿದ ಕಂಬಳಿಯನ್ನು ಜಿಪ್ಪಿನ ಚೀಲಕ್ಕೆ ತುಂಬಿಸತೊಡಗಿದ್ದ. ಗೇಣುದ್ದ ದಪ್ಪಗೆ ಮಡಿಕೆಯಾಗಿದ್ದ ಕಂಬಳಿ ಚೀಲಕ್ಕೆ ಇಳಿಯಲೊಲ್ಲದು. ಅವನು ಅದನ್ನು ನೆಲಕ್ಕೆ ಹಾಕಿ, ಎರಡೂ ಮೊಣಕಾಲು ಊರಿ, ಮೈಯ ಭಾರವೆಲ್ಲ ಬಿಟ್ಟು ಅಮುಕಿದ. ಉಸ್ಸೆಂದು ಗಾಳಿ ಹೊರಟು ಕಂಬಳಿ ನಾಲ್ಕು ಬೆರಳಿನಷ್ಟಾಯಿತು. ಜಿಪ್ಪು ಎಳೆದ.

ಆಚಾರ್ಯರು ಅವನ ಮೊಣಕಾಲನ್ನೇ ನೋಡುತ್ತಿದ್ದರು.

"ಸಾಹೇಬ್ರೇ, ಒಂದು ಮಾತು ಕೇಳ್ತೇನೆ. ಹೀಗೆ ಅಮುಕಿ ಕಟ್ಟಿದ ಹಾಗೇ ಹೊದ್ದುಕೊಂಡ್ರೆ ಚಳಿ ತಡೀತದಾ?"

"ಎಲ್ಲಿಯ ಮಾತು. ಊರಿಗೆ ಹೋದ ಕೂಡ್ಲೇ ಬಿಚ್ಚಿ ಕೊಡವಿ, ಒಂದು ದಿನ ಹರಡಿಡಿ. ಅದು ಉಬ್ಬಿದ್ರೆ ಮಾತ್ರ ಬ್ಲಾಂಕೆಟ್. ಒಳಗಿನ ಗಾಳಿಯೇ ಅಲ್ವಾ ಚಳಿ ತಡೆಯುದು? ಮೂವತ್ತು ವರ್ಷದಿಂದ ಇದನ್ನೇ ಮಾರ್ತಾ ಇದ್ದೇನೆ."

ಆಚಾರ್ಯರಿಗೆ ಮಿರ್ದಿಫ್‌ನ ಅಟ್ಟ ನೆನಪಾಯಿತು. ಚಳಿ ತಡೆಯುವುದಾದರೂ ಬಿಸಿಲು ತಡೆಯುವುದಾದರೂ ಉಬ್ಬಿನೊಳಗಿನ ಗಾಳಿಯ ಕೆಲಸ ಒಂದೇ. ಎಂಟಿಂಚು ಉಬ್ಬಿದ್ದ ಗ್ಲಾಸ್‌ವೂಲನ್ನು ನಾಲ್ಕಿಂಚಿಗೆ ಇಳಿಸಿದ್ದು ಯಾರ ಮೊಣಕಾಲು? ಊರಿನ ಅಟ್ಟದಲ್ಲಿ ಅಡಿಯಿಂದ ಹೊಗೆ ಬರುತ್ತಿತ್ತು, ಮೇಲಿನಿಂದ ದುಬೈ ಬಿಸಿಲು ಬರುತ್ತಿರಲಿಲ್ಲ. ಇಲಿಗೆ ಹೆದರಿ ಅವರು ಆ ಮನೆಯ ಕಂಬಳಿಯನ್ನೇ ಜಿಪ್ಪು ಎಳೆದು ಬಂದಿದ್ದರು. ದುಡ್ಡು ಕೊಟ್ಟು ಕಂಬಳಿ ಹಿಡಿದುಕೊಂಡು ಅಂಗಡಿಯಿಂದ ಹೊರಬಿದ್ದರು.

ಹೇಳದೆ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇನ್ನು ಹನ್ನೊಂದು ದಿನಕ್ಕೆ ವಿಮಾನ. ಹೊಸ ಎಸಿಯವನು ದೊಡ್ಡ ಎಸಿ ಹಾಕಿಸಿ ಅಂತಾನೆ, ಸಾಹೇಬರು ಹಾಕಿಸುತ್ತಾರೆ, ಇಪ್ಪತ್ತಾರು ವರ್ಷದ ಹೆಸರು ಗಟ್ಟಿಯಾಗಿ ಉಳಿಯುತ್ತದೆ. ರಂಜಿತನ ಹೆಸರು ಹೋಗುತ್ತದೆ, ಅವನಿಗಿನ್ನೂ ಪ್ರಾಯ ಉಂಟು. ಬಸ್ಸಿನಲ್ಲಿ ಕೂತು ಹೀಗೆಲ್ಲ ಯೋಚಿಸಿದ್ದು ನಿಜ, ಸುಳ್ಳು ಯಾಕೆ ಹೇಳಬೇಕು. ಒಳ್ಳೆಯ ಮನುಷ್ಯರಿಗೂ ಬಸ್ಸಿನಲ್ಲಿ ಇಂಥ ಬುದ್ಧಿ ಬರುತ್ತದೆ.

ಸಂಜೆ ಅಮ್ಮಣ್ಣಿಗೆ ಫೋನು ಹಚ್ಚಿ, ಕಂಬಳಿಯ ಬಣ್ಣ ಹೇಳಿ, ಆಮೇಲೆ ಮೆಲ್ಲಗೆ ವಿಷಯ ಹೇಳಿದರು. "ಎರಡನೇ ಸಲ ಕರೆಸಿಕೊಳ್ಳದವ ನಾನು. ಈಗ ನಾನೇ ಹೋಗಿ ತಪ್ಪು ಅಂತ ಹೇಳುದು ಹೇಗೆ?"

ಆ ಕಡೆಯಿಂದ ಅಮ್ಮಣ್ಣಿ ಜೋರಾಗಿ ನಕ್ಕರು. "ನೀವು ಮಾಡಿಟ್ಟು ಹೋದ ಅಡುಗೆಕೋಣೆಯ ಬಾಗಿಲು ಇಪ್ಪತ್ತಾರು ಮಳೆಗಾಲದಿಂದ ಮುಚ್ಚುದಿಲ್ಲ. ಪ್ರತಿ ಜೂನಿಗೆ ಉಬ್ಬಿ ಸಿಕ್ಕಿಕೊಳ್ತದೆ, ನಾನು ಕಲ್ಲು ಕೊಟ್ಟು ನಿಲ್ಲಿಸ್ತೇನೆ."

"ನನಗೆ ಹೇಳ್ಳೇ ಇಲ್ಲ ನೀನು."

"ಕರೆಯುವ ಅಂದ್ರೆ ನೀವು ಇಲ್ಲಿ ಇರ್ಬೇಕಲ್ವಾ?"

ಅಮ್ಮಣ್ಣಿ ನಗುತ್ತಲೇ ಹೇಳಿದ್ದು. ಆದರೆ ಆಚಾರ್ಯರಿಗೆ ಅದು ನಾಟಿತು. ಮಗಳು ಅಮಿತಾ ಹುಟ್ಟಿದಾಗ ಅವರು ಇಲ್ಲಿ ಯಾರದೋ ಮಜ್ಲಿಸಿನ ಬಾಗಿಲು ಕೆತ್ತುತ್ತಿದ್ದರು. ಮೊದಲ ಸಲ ಎತ್ತಿಕೊಂಡಾಗ ಮಗುವಿಗೆ ಹದಿನಾಲ್ಕು ತಿಂಗಳು, ಹೊಸಬರೆಂದು ಕಿರುಚಿ ಅತ್ತಿತ್ತು. ಆ ಮೊದಲಿನ ದಿನಗಳು ಹೋದರೆ ಹೋದವೇ. ನಫೀಸಮ್ಮ ಮಾತು ನಿಲ್ಲಿಸಿ ಕೂತದ್ದು ಯಾಕೆಂದು ಇವರಿಗಿಂತ ಚೆನ್ನಾಗಿ ತಿಳಿದವರಿಲ್ಲ. "ನಾಳೆ ಹೋಗ್ತೇನೆ" ಎಂದು ಫೋನಿಟ್ಟರು.

ಮರುದಿನ ಮಧ್ಯಾಹ್ನ ಎರಡಕ್ಕೆ, ಬಿಸಿಲು ನೆತ್ತಿ ಸುಡುವಾಗ, ಮಿರ್ದಿಫ್‌ಗೆ ಹೋದರು. ನಫೀಸಮ್ಮ ಬಾಗಿಲು ತೆರೆದು, ಯಾಕೆ ಬಂದಿರಿ ಎನ್ನುವಂತೆ ನೋಡಿದರು. ಆಚಾರ್ಯರು ಕೋಣೆಗೆ ಹೋಗಿ ಸ್ಟೂಲು ಹತ್ತಿ ಸೀಲಿಂಗಿಗೆ ಅಂಗೈ ಒತ್ತಿದರು. ತಾವು ಮೇಲೆ ಹಲಗೆ ಹಾಸಿದ್ದ ಅರ್ಧದಲ್ಲಿ ಸೀಲಿಂಗು ಕಾದಿತ್ತು. ಸ್ಟೂಲನ್ನು ಎಳೆದು ಹಲಗೆ ಇಲ್ಲದ ಇನ್ನರ್ಧಕ್ಕೆ ಒತ್ತಿದರು, ಅಲ್ಲಿ ತಣ್ಣಗಿತ್ತು.

"ನೀವೂ ಕೈಯಿಟ್ಟು ನೋಡಿ ಅಮ್ಮ."

ನಫೀಸಮ್ಮ ಹತ್ತಿ ಇಲ್ಲೊಂದು ಸಲ, ಅಲ್ಲೊಂದು ಸಲ ಕೈಯಿಟ್ಟರು. ಏನೆಂದು ತಿಳಿಯಲಿಲ್ಲ.

"ಎಸಿ ಸರಿ ಉಂಟು. ರಂಜಿತನದ್ದು ಏನೂ ತಪ್ಪಿಲ್ಲ. ತಪ್ಪು ನನ್ನದು. ಅಟ್ಟ ಹಾಸುವಾಗ ಕೆಳಗಿನ ವೂಲನ್ನು ಅಮುಕಿಬಿಟ್ಟೆ, ಬಿಸಿಲು ಸೀದಾ ಇಳೀತಾ ಉಂಟು" ಎಂದು ಆಚಾರ್ಯರು ತಲೆ ತಗ್ಗಿಸಿ ಹೇಳಿದರು.

ನಫೀಸಮ್ಮ ಸ್ಟೂಲಿನಿಂದ ಇಳಿದರು. ಎರಡು ದಿನದಿಂದ ಕಟ್ಟಿಟ್ಟಿದ್ದ ಮಾತೆಲ್ಲ ಒಟ್ಟಿಗೆ ಬಂತು. "ಎರಡನೇ ಸಲ ಯಾರೂ ಕರೆದಿಲ್ಲ ಅಂತ ಚಹಾ ಕುಡ್ಕೊಂಡು ಹೇಳಿದ್ರಲ್ಲ ಆಚಾರ್ರೇ? ಆ ಹುಡುಗನಿಗೆ ನಾನು ಬಾಯಿಗೆ ಬಂದದ್ದು ಹೇಳಿದೆ. ಬೀಗ್ತಿಯ ಎದುರು ನನ್ನ ಮಾನ ಹೋಯ್ತು. ಹೆರಿಗೆಗೆ ಇನ್ನು ಎರಡು ದಿನವೋ ಮೂರೋ. ಈಗ ಎಂತ ಮಾಡುದು?"

"ನಾಳೆ, ನಾಡಿದ್ದು, ಎರಡು ಬೆಳಿಗ್ಗೆ ಕೊಡಿ. ನೀವು ಕರೀಲಿಲ್ಲ, ನಾನೇ ಬಂದಿದ್ದೇನೆ."

ಹುಮೈರ ತನ್ನ ದೊಡ್ಡ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅಮ್ಮೀ, ಲೆಟ್ ಹಿಮ್ ಡು ಇಟ್. ನಾನು ಮಗುವಿಗೆ ಹೇಳ್ತೇನೆ, ಎರಡು ದಿನ ವೇಟ್ ಮಾಡು ಅಂತ" ಎಂದಳು. ನಫೀಸಮ್ಮ ಸಿಟ್ಟಿನಲ್ಲೇ ನಕ್ಕುಬಿಟ್ಟರು.

ಮರುದಿನ ಬೆಳಗಿನ ನಮಾಜು ಮುಗಿಯುವ ಹೊತ್ತಿಗೆ ಆಚಾರ್ಯರೂ ರಂಜಿತನೂ ಮುಚ್ಚಳದಡಿಯಲ್ಲಿ ಹಾಜರು. ಒಂಬತ್ತು ಗಂಟೆಯಾದರೆ ಮೇಲೆ ಮನುಷ್ಯ ನಿಲ್ಲುವಂತಿಲ್ಲ. ರಂಜಿತ್ ಕೋಪ ಮಾಡಿಕೊಂಡಿದ್ದನೇ ಎಂದರೆ, ರಾತ್ರಿಯೆಲ್ಲ ನಗುತ್ತಿದ್ದ. "ಎರಡನೇ ಸಲದ ಕೆಲ್ಸ ನೋಡ್ಲಿಕ್ಕೆ ಟಿಕೆಟ್ ಕೊಟ್ಟಾದ್ರೂ ಬರ್ತಿದ್ದೆ ಸರ್ವೋತ್ತಮಣ್ಣ" ಎಂದ. ನಲವತ್ತಮೂರು ಡಬ್ಬಗಳೂ ಕೆಳಗಿಳಿದವು. ಒಂದರಿಂದ ಬಾಮು ಕರಗಿ ಸೋರಿ ಇಡೀ ಪ್ಯಾಸೇಜು ಘಮ್ಮೆಂದಿತು. ನಫೀಸಮ್ಮ ಅದನ್ನು ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಒಳಗೆ ಹೋದರು.

ಆಚಾರ್ಯರು ಬಾಯಿಗೆ ಬಟ್ಟೆ ಕಟ್ಟಿ, ಹಲಗೆಗಳ ಸ್ಕ್ರೂ ಬಿಚ್ಚಿ ಬದಿಗಿಟ್ಟರು. ಜಜ್ಜಿಹೋದ ವೂಲನ್ನು ಕೈಯಿಂದ ಬಿಡಿಸಿ ಕೊಡವಿ ಮೇಲೆಬ್ಬಿಸಿದರು. ಏಳದೆ ಸತ್ತಂತೆ ಬಿದ್ದದ್ದನ್ನು ತೆಗೆದು, ಶೆಡ್ಡಿನಲ್ಲಿ ಉಳಿದಿದ್ದ ಎರಡು ಸುರುಳಿ ಹೊಸದನ್ನು ಹಾಸಿದರು. ಇಬ್ಬರಿಗೂ ಮೈಯೆಲ್ಲ ತುರಿಕೆ. ಆಮೇಲೆ ರಾಸ್ ಅಲ್ ಖೋರ್‌ನ ಮುರಿದ ಪ್ಯಾಲೆಟ್‌ಗಳಿಂದ ಕೊಯ್ದು ತಂದ ಐದಿಂಚು ಅಗಲದ ರೀಪುಗಳನ್ನು ತೊಲೆಗಳಿಗೆ ಅಡ್ಡವಾಗಿ, ಮಲಗಿಸದೆ ಎತ್ತಿ ನಿಲ್ಲಿಸಿ, ಒಂದೂವರೆ ಅಡಿಗೊಂದರಂತೆ ಬಿಗಿದರು. ನಾಲ್ಕಿಂಚಿನ ತೊಲೆಯ ಮೇಲೆ ಐದಿಂಚಿನ ರೀಪು ನಿಂತು, ವೂಲು ತನ್ನ ಎಂಟಿಂಚಿನಷ್ಟು ಉಬ್ಬಿ ಕೂರಲು ಜಾಗವಾಯಿತು. ಅದರ ಮೇಲೆ ಹಳೆಯ ಪ್ಲೈವುಡ್ಡೇ ಹಾಸಿದರು. ಹಲಗೆಗೂ ವೂಲಿಗೂ ನಡುವೆ ಬೆರಳು ತೂರುವ ಸಂದು ಬಿತ್ತು. ತಂದೆ ಬದುಕಿದ್ದರೆ ಕಿವಿ ಹಿಂಡುತ್ತಿದ್ದರು. ಆಚಾರ್ಯರು ಆ ಸಂದಿನಲ್ಲಿ ಬೆರಳಾಡಿಸಿ ಸಮಾಧಾನಪಟ್ಟರು.

ಎರಡನೇ ಬೆಳಿಗ್ಗೆ ಮುಚ್ಚಳದ ಬೆನ್ನಿಗೂ ಫೋಮಿನ ಹಲಗೆ ಅಂಟಿಸಿ, ಡಿನ್ನರ್ ಸೆಟ್ಟಿನಂಥ ಭಾರದ ಡಬ್ಬಗಳನ್ನು ಗೋಡೆಯ ಬದಿಗೆ, ಕಂಬಳಿಯಂಥ ಹಗುರದ್ದನ್ನು ನಡುವಿಗೆ ಇಟ್ಟು ಇಳಿದರು. ಮಧ್ಯಾಹ್ನ ಎರಡಕ್ಕೆ ಸ್ಟೂಲು ಹತ್ತಿದ್ದು ನಫೀಸಮ್ಮ. ಈ ಮೂಲೆ, ಆ ಮೂಲೆ, ನಡು, ಎಲ್ಲ ಕಡೆ ಅಂಗೈ ಒತ್ತಿ ನೋಡಿದರು. ಇಳಿದು, "ಹೂಂ" ಎಂದರು. ರಂಜಿತನಿಗೆ ಬಿರಿಯಾನಿಯ ದೊಡ್ಡ ಡಬ್ಬ ಕಟ್ಟಿಕೊಟ್ಟರು. ಆಚಾರ್ಯರಿಗೆ ಆ ದಿನ ಚಹಾ ಮಾತ್ರ ಸಿಕ್ಕಿತು.

ಮಗು ಅಮ್ಮನ ಮಾತು ಕೇಳಿ ಇನ್ನೂ ಎರಡು ದಿನ ಕಾಯಿತು. ಆಗಸ್ಟ್ ಇಪ್ಪತ್ತೆರಡಕ್ಕೆ ಹೆಣ್ಣು ಹುಟ್ಟಿತೆಂದೂ, ಬೀಗ್ತಿ ಬಂದು ಕೋಣೆಯಲ್ಲಿ ಮಧ್ಯಾಹ್ನವಿಡೀ ಕೂತು ಪರೀಕ್ಷೆ ಮಾಡಿ ಒಪ್ಪಿದರೆಂದೂ, ಹೆಸರು ಮರ್ವಾ ಎಂದೂ ಸಾಹೇಬರು ಫೋನಿನಲ್ಲಿ ಹೇಳಿದರು. ವಿಮಾನದ ಹಿಂದಿನ ದಿನ ಮಗುವನ್ನೊಮ್ಮೆ ನೋಡಿ ಹೋಗಬೇಕೆಂದು ಆಚಾರ್ಯರು ಮಿರ್ದಿಫ್‌ಗೆ ಬಂದರು. ಮತ್ತೆ ಅದೇ ಮಧ್ಯಾಹ್ನದ ಹೊತ್ತು. ಗೇಟಿನ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು.

ಕೋಣೆಯೊಳಗೆ ಕಾಲಿಟ್ಟರೆ ನೀರು ತುಂಬಿದ ಬಾವಿಯ ತಂಪು. ಹುಮೈರ ಮಂಚದಲ್ಲಿ ಒರಗಿದ್ದಳು, ತೊಟ್ಟಿಲಲ್ಲಿ ಐದು ದಿನದ ಮರ್ವಾ. ಆಚಾರ್ಯರು ಹತ್ತಿರ ಹೋಗದೆ ದೂರದಿಂದಲೇ ಇಣುಕಿದರು, ಎಲ್ಲಿ ಅಳುತ್ತದೋ ಎಂದು. ಅದು ಅಳಲಿಲ್ಲ. ಪುಟ್ಟ ಮೂಗು ಅರಳಿಸಿ ಒಂದು ಸೀನು ಸೀನಿತು.

ನಫೀಸಮ್ಮ ದಡಕ್ಕನೆ ಎದ್ದರು. "ಯಾ ಅಲ್ಲಾಹ್, ಮಗುವಿಗೆ ಚಳಿ ಆಗ್ತಾ ಉಂಟು. ಎಸಿ ಕಮ್ಮಿ ಮಾಡು ಹುಮೈರ. ಬ್ಲಾಂಕೆಟ್ ಎಲ್ಲಿ? ನಮ್ಮದು ಬ್ಲಾಂಕೆಟಿನ ಅಂಗಡಿ, ಮನೆಯಲ್ಲಿ ಒಂದು ಸಣ್ಣ ಬ್ಲಾಂಕೆಟ್ ಇಲ್ವಾ?"

"ಉಂಟು ಅಮ್ಮ" ಎಂದರು ಆಚಾರ್ಯರು. "ಎರಡು ಸಾವಿರದ ಮೂರರದ್ದು."

ನಫೀಸಮ್ಮ ತಿರುಗಿ ನೋಡುವಷ್ಟರಲ್ಲಿ ಅವರು ಪ್ಯಾಸೇಜಿಗೆ ಹೋಗಿ ಏಣಿ ಇಟ್ಟಾಗಿತ್ತು. ಐವತ್ತೆಂಟರ ಪ್ರಾಯ, ಆಗಸ್ಟಿನ ಮಧ್ಯಾಹ್ನ, ಆ ಹೊತ್ತಿಗೆ ಅಟ್ಟ ಹತ್ತುವುದು ಬುದ್ಧಿ ಇರುವವರು ಮಾಡುವ ಕೆಲಸವಲ್ಲ. ಮುಚ್ಚಳ ಸರಿಸಿದ ಕೂಡಲೇ ಮುಖಕ್ಕೆ ಬೆಂಕಿ ಬಡಿಯಿತು. ಅಂಗಿ ಎರಡೇ ನಿಮಿಷದಲ್ಲಿ ಒದ್ದೆ. ಹಲಗೆಯ ಮೇಲೆ ಅಂಬೆಗಾಲಿಟ್ಟು ಹೋಗಿ, ದಪ್ಪ ಅಕ್ಷರ ಹುಡುಕಿ, ಹಗ್ಗ ಬಿಚ್ಚಿದರು. ಹನ್ನೆರಡು ವರ್ಷ ಕಾದಿದ್ದ ಹಳದಿ ಬಣ್ಣದ ಪುಟ್ಟ ಕಂಬಳಿ, ಅಂಚಿ‍ಗೆ ಬಾತುಕೋಳಿಗಳ ಸಾಲು. ಮೇಲಿನ ಸೆಕೆಗೆ ದೋಸೆಯಷ್ಟು ಬಿಸಿಯಾಗಿತ್ತು. ಒಂದು ಗಳಿಗೆ ಹಾಗೇ ಕೂತರು. ಈ ಇಷ್ಟು ಸೆಕೆಯ ಅಡಿಯಲ್ಲಿ, ತಾನು ಎರಡು ಸಲ ಹಾಸಿದ ಹಲಗೆಯ ಕೆಳಗೆ, ಒಂದು ಮಗು ಚಳಿಗೆ ಸೀನುತ್ತಿದೆ. ಅವರಿಗೆ ಒಬ್ಬರೇ ಕೂತು ನಗು ಬಂತು, ಕಣ್ಣೂ ತುಂಬಿತು. ಬೆವರಿನಲ್ಲಿ ಯಾವುದು ಯಾವುದೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಕೆಳಗಿಳಿದು ಪ್ಯಾಸೇಜಿನಲ್ಲಿ ನಿಂತು ಕಂಬಳಿಯನ್ನು ಹತ್ತು ಸಲ ಕೊಡವಿ, ಗಾಳಿಗೆ ಬೀಸಿ ತಣಿಸಿ, ಉಬ್ಬಿಸಿ, ಬಾಗಿಲಲ್ಲೇ ನಿಂತು ಕೊಟ್ಟರು. ನಫೀಸಮ್ಮ ಅದನ್ನು ಕೆನ್ನೆಗೆ ಒತ್ತಿ ಬಿಸಿ ನೋಡಿ, ಮಗುವಿಗೆ ಹೊದಿಸಿದರು. ಮರ್ವಾ ಇನ್ನೊಂದು ಸಲ ಸೀನದೆ ನಿದ್ದೆ ಹೋಯಿತು.

"ಒಳಗೆ ಬಂದು ಕೂತ್ಕೊಳ್ಳಿ ಆಚಾರ್ರೇ, ಬೆವರು ಆರ್ಲಿ. ಇವತ್ತು ಊಟ ಮಾಡದೆ ಕಳ್ಸುದಿಲ್ಲ" ಎಂದರು ನಫೀಸಮ್ಮ. ಕಂಬಳಿಯ ಅಂಚನ್ನು ಸರಿಪಡಿಸುತ್ತಿದ್ದ ಅವರ ಕೈ ನಿಲ್ಲಲೇ ಇಲ್ಲ.

ಆಚಾರ್ಯರು ಕೂತರು. ಒದ್ದೆ ಬೆನ್ನಿಗೆ ತಣ್ಣನೆ ಗಾಳಿ ಬಿದ್ದು ಅವರಿಗೂ ಸಣ್ಣಗೆ ಚಳಿಯಾಯಿತು. ಸೀಲಿಂಗನ್ನೊಮ್ಮೆ, ತೊಟ್ಟಿಲನ್ನೊಮ್ಮೆ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಒಬ್ಬ ಗಿರಾಕಿಗೂ ಹೇಳದ ಮಾತು ಅವರ ಬಾಯಿಂದ ತಾನಾಗಿ ಬಂತು.

"ಅಮ್ಮ, ನಾಳೆ ಬೆಳಿಗ್ಗೆಯ ತನಕ ಇಲ್ಲೇ ಇದ್ದೇನೆ. ಏನಾದ್ರೂ ಸರಿ ಇಲ್ಲ ಅಂತ ಕಂಡ್ರೆ ನನ್ನನ್ನು ಕರೀರಿ."